ಗೋದಾಮನ್ನು ಮನೆ ಮಾಡುತ್ತಿದ್ದೇವೆ, ನೆಲಕ್ಕೆ ಕಾಂಕ್ರೀಟ್ ಹಾಕಿಸಬಹುದೇ?

ಫೋಂಡಾದಿಂದ ಪ್ರಶ್ನೆ:

ನಮ್ಮದು ಕುಮಟಾ ಕಡೆ. ಗೋವಾದ ಫೋಂಡಾ ಹತ್ತಿರ ಹಳೇ ಗೋದಾಮೊಂದನ್ನು ಕೊಂಡಿದ್ದೇವೆ, ಹಿಂದೆ ಅಡಿಕೆ, ತೆಂಗಿನಕಾಯಿ ತುಂಬಿಡುತ್ತಿದ್ದರಂತೆ. 30 ಅಡಿ ಉದ್ದ, 20 ಅಡಿ ಅಗಲ, ನಡುವೆ ಒಂದು ಗೋಡೆಯೂ ಇಲ್ಲ. ಮಣ್ಣಿನ ಗಾರೆಯಲ್ಲಿ ಕಟ್ಟಿದ ಚಿರೇಕಲ್ಲಿನ ದಪ್ಪ ಗೋಡೆ, ಮೇಲೆ ಮಂಗಳೂರು ಹೆಂಚು, ಕೆಳಗೆ ಸೆಗಣಿ ಸಾರಿಸಿದ ಮಣ್ಣಿನ ನೆಲ. ಇದರಲ್ಲೇ ಸಂಸಾರ ಹೂಡುವ ಯೋಚನೆ. "ನಾಲ್ಕಿಂಚು ಕಾಂಕ್ರೀಟ್ ಸುರಿದುಬಿಡೋಣ, ಮಳೆಗಾಲಕ್ಕೆ ಮುಂಚೆ ಮುಗಿಸಿಕೊಡ್ತೇನೆ" ಅನ್ನುತ್ತಿದ್ದಾರೆ ಕಾಂಟ್ರಾಕ್ಟರು. ಮೇಲೆ ರೆಡ್ ಆಕ್ಸೈಡಿನ ಕೆಂಪು ನೆಲ ಬೇಕೆಂದು ನಮ್ಮ ಅತ್ತೆಯವರ ಆಸೆ. ಇಂಥ ಕೆಲಸ ಮಾಡಿಸಿದವರು ದಯವಿಟ್ಟು ಹೇಳಿ.

ವಾಸ್ಕೋದಿಂದ:

ಅಕ್ಕಾರ, ನಾನು ಗದಗ ಕಡೆಯಾಂವ, ಇಲ್ಲಿ ಕಟ್ಟಡದ ಕೆಲಸ ಹಿಡದು ಮಾಡಸ್ತೀನಿ. ನಾಲ್ಕಿಂಚು ಸಾಕು, ಅದರಾಗ ತಪ್ಪಿಲ್ಲ. ಆದ್ರ ಮಣ್ಣಿನ ನೆಲದ ಮ್ಯಾಲ ಸೀದಾ ಸುರಿಯೂದು ಬ್ಯಾಡ್ರಿ. ಸಗಣಿ ಪದರು, ಸಡ್ಲ ಮಣ್ಣು ಎಲ್ಲಾ ತೆಗಸ್ರಿ. ಗಟ್ಟಿ ನೆಲ ಹತ್ತಿದ ಮ್ಯಾಲ ನೀರ ಹೊಡದು ದಮ್ಮಸ್ ಮಾಡಸ್ರಿ. ಆಮ್ಯಾಲ 6 ಇಂಚು ಕಲ್ಲಿನ ಸೋಲಿಂಗ್, ಅಂದ್ರ ದಪ್ಪ ಕಲ್ಲು ಒತ್ತೊತ್ತಿ ಜೋಡ್ಸೂದು, ಸಂದಿ ತುಂಬಾಕ ಸಣ್ಣ ಖಡಿ (ಜಲ್ಲಿ), ಅದರ ಮ್ಯಾಲ 2 ಇಂಚು ಉಸುಕು. ಉಸುಕು ಯಾಕಂದ್ರ, ಪಸಿ ತಡ್ಯಾಕ ಮುಂದ ಹಾಸೂ ಪ್ಲಾಸ್ಟಿಕ್ ಹಾಳಿಗೆ ಕಲ್ಲು ಚುಚ್ಚಬಾರ್ದು. ಹಾಳಿ 250 ಮೈಕ್ರಾನ್ ದಪ್ಪ ಇರ್ಲಿ, ಜೋಡಣಿ ಕಡೆ ಒಂದರ ಮ್ಯಾಲೊಂದು ಒಂದು ಫೂಟು ಬರ್ಲಿ.

ಈಗ ಲೆಕ್ಕಾ ಹಾಕ್ರಿ. ಸೋಲಿಂಗ್ 6, ಉಸುಕು 2, ಕಾಂಕ್ರೀಟ್ 4, ಮ್ಯಾಲ ಫಿನಿಶಿಂಗ್ ಒಂದೂವರಿ. ಫೂಟಿನ ಮ್ಯಾಲ ಆತು. ಅಷ್ಟು ಏರಿಸಿದ್ರ ಬಾಗಲಾ ಗಿಡ್ಡ ಆಗ್ತಾವು, ಅಗದ್ರ ಗ್ವಾಡಿ ಬುನಾದಿ ಬಯಲಾಗ್ತೈತಿ. ಮಣ್ಣಿನ ಗಾರಿ ಗ್ವಾಡಿಗೆ ಬುನಾದಿ ಭಾಳ ಆಳ ಇರ್ತೈತಿ ಅಂತ ನಂಬಬ್ಯಾಡ್ರಿ. ಮೊದಲ ಒಂದು ಮೂಲ್ಯಾಗ ಸಣ್ಣ ತಗ್ಗು ತೋಡಿ ಅದು ಎಲ್ಲಿ ಮುಗೀತೈತಿ ನೋಡ್ರಿ. ಅದರ ಕೆಳಗ ಗುದ್ದಲಿ ಇಳೀಬಾರ್ದು. ಗ್ವಾಡಿ ಬಾಜೂಕ ಪೂರಾ ಉದ್ದ ಒಮ್ಮೆಲೆ ಅಗಿಯೂದೂ ಬ್ಯಾಡ, ತುಂಡು ತುಂಡು ಅಗದು ತುಂಬ್ಕೋತ ಹೋಗ್ರಿ.

ಸಂಡಾಸ, ಬಚ್ಚಲ, ಅಡಿಗಿಮನಿ ಎಲ್ಲಿ ಬರ್ತಾವು ಅನ್ನೂದು ಈಗ ಗೊತ್ತಾಗಬೇಕು. ಪೈಪ್ ಹಾಕಿ, ನೀರ ತುಂಬಿ, ಸೋರ್ತೈತೇನು ನೋಡಿ ಆಮ್ಯಾಲ ಹಾಳಿ ಹಾಸ್ರಿ. ಕಾಂಕ್ರೀಟ್ ಆದ ಮ್ಯಾಲ ಬ್ರೇಕರ್ ಹಚ್ಚಿ ಒಡಸೂ ಮಂದಿಗೆ ಈ ಊರಾಗ ಬರಗಾಲ ಇಲ್ಲ. ಗೆದ್ದಲ ಔಷಧನೂ ಹಾಳಿಗಿಂತ ಮೊದಲ. ಬಾಜೂಕ ಬಾಂವಿ ಇದ್ರ ಔಷಧ ಹೊಡ್ಯಾವಗ ಮೊದಲ ಹೇಳ್ರಿ, ಇಲ್ಲಂದ್ರ ಅಂವ ತಾನಾಗಿ ವಿಚಾರಸಂಗಿಲ್ಲ.

ಮಡಗಾಂವದಿಂದ:

ಪ್ಲಾಸ್ಟಿಕ್ ಹಾಳೆಯ ವಿಷಯಕ್ಕೆ ನನ್ನ ತಕರಾರಿದೆ. ನಾವಿರುವುದು ಇಂಥದ್ದೇ ಚಿರೇಕಲ್ಲಿನ ಹಳೇ ಮನೆ. ಹಿಂಭಾಗದ ಎರಡು ಕೋಣೆಗೆ ನಮಗಿಂತ ಮುಂಚೆ ಇದ್ದವರು ಸಿಮೆಂಟ್ ನೆಲ ಹಾಕಿಸಿದ್ದರು. ಮುಂಭಾಗದಲ್ಲಿ ಹಳೇ ನೆಲ ಹಾಗೇ ಇದೆ. ಮುಂದಿನ ಗೋಡೆಗಳಿಗೆ ಏನೂ ಆಗಿಲ್ಲ. ಹಿಂದಿನವು ಮಾತ್ರ ಸೊಂಟದೆತ್ತರದವರೆಗೆ ಹಸಿ, ಬಿಳಿ ಉಪ್ಪು ಉಕ್ಕುತ್ತದೆ, ಬಣ್ಣ ಹಪ್ಪಳದಂತೆ ಏಳುತ್ತದೆ. ಮಣ್ಣಿನ ನೆಲವಿದ್ದಾಗ ಅಡಿಯ ಪಸೆ ನೆಲದುದ್ದಕ್ಕೂ ಆರಿಹೋಗುತ್ತಿತ್ತು. ಮೇಲೆ ಮುಚ್ಚಿದಿರೋ, ಅದಕ್ಕೆ ಉಳಿದ ದಾರಿ ಗೋಡೆಯೊಂದೇ. ಚಿರೇಕಲ್ಲಿನಲ್ಲಿ ಮೈತುಂಬ ತೂತು, ನೀರು ಹೀರುವುದು ಅದರ ಗುಣ.

ಆ ಹಸಿ ಮುಚ್ಚಲು ಅವರು ಗೋಡೆಯ ಬುಡಕ್ಕೂ ಸಿಮೆಂಟ್ ಪ್ಲಾಸ್ಟರ್ ಬಳಿಸಿದ್ದರು. ಪಸೆ ಪ್ಲಾಸ್ಟರಿನ ಹಿಂದಿನಿಂದ ಇನ್ನೂ ಮೇಲೆ ಹತ್ತಿತು. ನಾವು ಅದನ್ನೆಲ್ಲ ಕೀಳಿಸಿ ಸುಣ್ಣದ ಗಾರೆ ಮಾಡಿಸಿದೆವು, ಗೋಡೆ ಉಸಿರಾಡುತ್ತಿದೆ. ಪೂರ್ತಿ ಒಣಗಿದೆ ಎನ್ನಲಾರೆ, ಆದರೆ ಉಪ್ಪು ಉದುರುವುದು ಕಡಿಮೆಯಾಗಿದೆ. ನೆಲಕ್ಕೆ ಏನೇ ಹಾಕಿಸಿ, ಗೋಡೆಗೆ ಸಿಮೆಂಟ್ ಮುಟ್ಟಿಸಬೇಡಿ.

ಪುಣೆಯಿಂದ:

ನಾನು ಸಿವಿಲ್ ಎಂಜಿನಿಯರ್, ಧಾರವಾಡದವನು. ಮಡಗಾಂವದವರು ಕಂಡದ್ದು ನಿಜ, ಆದರೂ ಪ್ಲಾಸ್ಟಿಕ್ ಬಿಡಬೇಡಿ ಅನ್ನುತ್ತೇನೆ. ಹಾಳೆ ಇಲ್ಲದಿದ್ದರೆ ಪಸೆ ಕಾಂಕ್ರೀಟಿನಿಂದ ಹತ್ತಿ ರೆಡ್ ಆಕ್ಸೈಡ್ ಮೇಲೆ ಬಿಳಿ ಮಚ್ಚೆ ಮೂಡಿಸುತ್ತದೆ. ದಾರಿ ಬೇರೆ ಇದೆ. ನೀರು ಗೋಡೆಯ ಬುಡಕ್ಕೆ ಬಾರದಂತೆ ಹೊರಗೇ ತಡೆಯಿರಿ. ಗೋಡೆಯ ಸುತ್ತ ಸ್ವಲ್ಪ ದೂರದಲ್ಲಿ ಕಾಲುವೆ ತೋಡಿ, ತೂತಿನ ಪೈಪ್ ಇಟ್ಟು, ಖಡಿ ತುಂಬಿ, ತಗ್ಗಿನ ಕಡೆಗೆ ಹರಿಸಿ. ಹೆಂಚಿನಿಂದ ಇಳಿಯುವ ನೀರನ್ನು ಹಿಡಿದು ದೂರ ಸಾಗಿಸಲು ಸೂರಿಗೆ ದೋಣಿ ಕಟ್ಟಿಸಿ. ಒಳಗೆ ಕಾಂಕ್ರೀಟ್ ಗೋಡೆಗೆ ತಾಗುವುದು ಬೇಡ. ಸುತ್ತಲೂ ಒಂದು ಗೇಣು ಬಿಟ್ಟು ಅಲ್ಲಿ ಖಡಿ ತುಂಬಿ, ಮೇಲೆ ಸುಣ್ಣದ ಗಾರೆಯಲ್ಲಿ ಕಲ್ಲಿನ ಪಟ್ಟಿ ಹಾಸಿ. ಗೋಡೆಗೆ ಆರುವ ಜಾಗ ಸಿಗುತ್ತದೆ.

ಇನ್ನು ಸಾಮಾನಿನ ಲೆಕ್ಕ. ಸುತ್ತಲಿನ ಗೇಣು ಕಳೆಯದೆ ಇಡೀ 600 ಚದರಡಿಗೆ 4 ಇಂಚು ಅಂದರೆ 200 ಘನ ಅಡಿ, ಸುಮಾರು 5.7 ಘನ ಮೀಟರ್. ಎಂ20 ಮಿಶ್ರಣ, ಅಂದರೆ 1 ಸಿಮೆಂಟ್, 1.5 ಮರಳು, 3 ಖಡಿ. ಸುಮಾರು 45 ಚೀಲ ಸಿಮೆಂಟ್ ಬೇಕಾಗುತ್ತದೆ. 50 ಕಿಲೋ ಚೀಲಕ್ಕೆ 25 ಲೀಟರ್ ನೀರು, ಮರಳು ಒದ್ದೆಯಿದ್ದರೆ ಇನ್ನೂ ಕಡಿಮೆ. ಸುರಿಯಲು ಸಲೀಸಾಗಲಿ ಎಂದು ಬಕೆಟ್ ಬಕೆಟ್ ನೀರು ಸೇರಿಸುವುದನ್ನು ಎದುರು ನಿಂತು ತಡೆಯಬೇಕು. ಉಪ್ಪುನೀರಿನ ಮರಳು ಬಂದರೆ ವಾಪಸ್ ಕಳಿಸಿ, ಅದರ ಉಪ್ಪು ನಿಮ್ಮ ನೆಲದಲ್ಲೇ ಉಳಿಯುತ್ತದೆ.

ಕಲಸಿದ ಕಾಂಕ್ರೀಟ್ ಹೊತ್ತು ತರುವ ರೆಡಿಮಿಕ್ಸ್ ಲಾರಿ ತುಂಬಿದರೆ 25 ಟನ್ ಆಸುಪಾಸು. ಹಳ್ಳಿಯ ಮೋರಿಯ ಮೇಲೆ ಅದನ್ನು ತರಿಸುವುದು ಬೇಡ. ಸುಮಾರು 10 ಅಡಿ ಚೌಕದ ಆರು ಭಾಗ ಮಾಡಿ, ಒಂದು ಬಿಟ್ಟು ಒಂದರಂತೆ ಸುರಿದರೆ ಊರಿನ ಮಿಕ್ಸರ್ ಸಾಕು. ಬಿರುಕು ಬಂದರೂ ಆ ಗೆರೆಯಲ್ಲೇ ಬರುತ್ತದೆ. ಆಕ್ಸೈಡ್ ಪದರದಲ್ಲೂ ಅದೇ ಗೆರೆಗಳ ಮೇಲೆ ಗಾಜಿನ ಪಟ್ಟಿ ಕೂರಿಸಿ, ನಡುವೆ ಇನ್ನಷ್ಟು ಪಟ್ಟಿ ಹಾಕಿ ಚೌಕಗಳನ್ನು ಚಿಕ್ಕದಾಗಿಸಿ. ಆಕ್ಸೈಡ್ ಕೈಕೆಲಸ ಬಲ್ಲ ಗೌಂಡಿ ಸಿಗದಿದ್ದರೆ ಅತ್ತೆಯವರನ್ನು ಒಪ್ಪಿಸಿ ಸಾದಾ ನೆಲಕ್ಕೆ ನಿಲ್ಲಿಸಿ. ಅರೆಬರೆ ಆಕ್ಸೈಡ್ ನೋಡಲಾಗದು.

ಪಣಜಿಯಿಂದ:

ನೆಲದ ಮಾತು ಬಲ್ಲವರು ಹೇಳಿದ್ದಾರೆ. ನನ್ನದು ಕಾಗದದ್ದು. ಜಮೀನಿನ ದಾಖಲೆಯಾದ ಫಾರ್ಮ್ 1 ಮತ್ತು 14 ತೆಗೆಸಿ ಯಾರ‍್ಯಾರ ಹೆಸರಿದೆ ನೋಡಿದ್ದೀರಾ? ಜಮೀನುದಾರರ ಒಪ್ಪಿಗೆಯಿಂದ ಆ ಜಾಗದಲ್ಲಿ ಮನೆ ಮಾಡಿಕೊಂಡವರು (ಮುಂಡಕಾರರು) ಯಾರಾದರೂ ಇದ್ದರೆ ಅವರನ್ನು ಒಕ್ಕಲೆಬ್ಬಿಸದಂತೆ 1975ರ ಮುಂಡಕಾರ್ ಕಾಯ್ದೆಯ ರಕ್ಷಣೆ ಇರಬಹುದು. ಪಂಚಾಯಿತಿ ಲೆಕ್ಕದಲ್ಲಿ ಇನ್ನೂ ಗೋದಾಮೆಂದೇ ಇದ್ದರೆ, ವಾಸದ ಮನೆಯಾಗಿ ಬದಲಿಸಲು ಏನೇನು ಬೇಕೆಂದು ಅಗೆಯುವ ಮುಂಚೆ ವಿಚಾರಿಸಿ.

ಫೋಂಡಾದಿಂದ:

ಎಲ್ಲರಿಗೂ ಧನ್ಯವಾದ. ಕಾಗದ ವಕೀಲರಿಂದ ನೋಡಿಸಿಯೇ ಕೊಂಡಿದ್ದು. ಪಂಚಾಯಿತಿಗೆ ಹೋಗುತ್ತೇವೆ. ಒಂದು ತೊಡಕಿದೆ: ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಈಗ ನಮ್ಮ ಹೊಸ್ತಿಲಿಗಿಂತ ಒಂದು ಗೇಣು ಎತ್ತರ.

ಮಡಗಾಂವದಿಂದ:

ಹಾಗಿದ್ದರೆ ಈ ಮಳೆಗಾಲಕ್ಕೆ ಮುಂಚೆ ಕಾಂಕ್ರೀಟ್ ಬೇಡವೇ ಬೇಡ. ಈಗ ಹೊರಗಿನ ಕಾಲುವೆ ಮತ್ತು ದೋಣಿ ಮಾತ್ರ ಮಾಡಿಸಿ. ಜುಲೈಯಲ್ಲಿ ಜಡಿಮಳೆ ಹಿಡಿದಾಗ ಹೋಗಿ ನೀರು ಯಾವ ಮೂಲೆಯಿಂದ ಒಳಬರುತ್ತದೆ ನೋಡಿ. ಒಳನೆಲದ ನಾಲ್ಕೈದು ಕಡೆ ಪ್ಲಾಸ್ಟಿಕ್ ತುಂಡು ಹಾಸಿ ಅಂಚಿಗೆ ಕಲ್ಲು ಹೇರಿ ರಾತ್ರಿ ಬಿಡಿ. ಬೆಳಿಗ್ಗೆ ಯಾವುದರ ಅಡಿ ಹೆಚ್ಚು ಬೆವರಿದೆಯೋ ಅಲ್ಲೇ ಮೊದಲ ಕೆಲಸ. ಕಾಂಕ್ರೀಟನ್ನು ನವೆಂಬರಿನಲ್ಲಿ ಹಾಕಿಸಿ.

ವಾಸ್ಕೋದಿಂದ:

ನವೆಂಬರ್ ಬರೋಬ್ಬರಿ. ಇನ್ನೊಂದು ಉಳದಿತ್ತು. ಕ್ಯೂರಿಂಗ್‌ಗೆ (ಕಾಂಕ್ರೀಟ್ ಗಟ್ಟಿ ಆಗೂತನಕ ಹಸಿ ಇಡೂದಕ್ಕ) ನಮ್ಮ ಹುಡುಗರು ಸುತ್ತ ಮಣ್ಣಿನ ಕಟ್ಟಿ ಕಟ್ಟಿ ನೀರ ನಿಲ್ಲಸ್ತಾರ. ನಿಮ್ಮಲ್ಲಿ ಹಂಗ ಮಾಡಾಕ ಬಿಡಬ್ಯಾಡ್ರಿ, ಆ ನೀರು ಗ್ವಾಡಿ ಬುಡಕ್ಕ ಇಳದು ಮಣ್ಣಿನ ಗಾರಿ ಕರಗಿಸ್ತೈತಿ. ಗೋಣಿತಾಟು ತೊಯ್ಸಿ ಹಾಸಿ, ಮ್ಯಾಲ ಪ್ಲಾಸ್ಟಿಕ್ ಹೊಚ್ಚಿ, ಆರಿದಂಗ ಮತ್ತ ನೀರ ಚಿಮುಕಸ್ರಿ. ಈಗ ಸಿಗೂದು ಬಹುತೇಕ ಹಾರುಬೂದಿ ಬೆರಸಿದ ಪಿಪಿಸಿ ಸಿಮೆಂಟ್, ಅದಕ್ಕ ಕಮ್ಮೀತ ಕಮ್ಮಿ 10 ದಿನ ಹಸಿ ಇರಬೇಕು. ಯಾವ ಸಿಮೆಂಟ್ ಅಂತ ಚೀಲದ ಮ್ಯಾಲ ಬರದಿರ್ತೈತಿ, ಓದಿ ತಗೋರಿ.