ಸಹಾಯ ಬೇಕು: ‘ಡಿಫೆನ್ಸಿಬಲ್’ ಅಂದರೆ ‘ಸರಿ’ ಅಂತಲೇ ಅರ್ಥವಾ?

ಇಂಗ್ಲಿಷ್ ಚೆನ್ನಾಗಿ ಬಲ್ಲವರು ದಯವಿಟ್ಟು ನೋಡಿ. ಒಂದು ಲೇಖನ ಅನುವಾದ ಮಾಡುತ್ತಿದ್ದೇನೆ, ‘ಡಿಫೆನ್ಸಿಬಲ್’ ಹತ್ತಿರ ನಿಂತುಬಿಟ್ಟಿದೆ. ಕೋಟೆಗೆ ಈ ಪದ ಬಳಸಿದರೆ ಶತ್ರುವಿನಿಂದ ಕಾಪಾಡಿಕೊಳ್ಳಬಹುದಾದದ್ದು ಅಂತ, ಅದು ಗೊತ್ತು. ವಾದ, ತೀರ್ಮಾನಗಳ ವಿಷಯದಲ್ಲೇ ಕಷ್ಟ. ನಿಘಂಟು ನೋಡಿದೆ, ‘ಸಮರ್ಥಿಸಬಹುದಾದ’ ಅಂತಿದೆ. ‘ಜಸ್ಟಿಫಯಬಲ್’ಗೂ ಅದೇ! ಆದರೆ ‘ಜಸ್ಟಿಫಯಬಲ್ ಆಂಗರ್’ ಸಹಜವಾಗಿ ಕೇಳಿಸುತ್ತದೆ, ‘ಡಿಫೆನ್ಸಿಬಲ್ ಆಂಗರ್’ ಯಾಕೋ ಕಿವಿಗೆ ಒಗ್ಗುವುದಿಲ್ಲ. ಹಾಗಾದರೆ ಎರಡೂ ಒಂದೇ ಅಲ್ಲ, ಅಲ್ವಾ?

ಲೇಖನದಲ್ಲಿರುವ ವಾಕ್ಯ: ‘ದಿ ಡಿಸಿಷನ್ ಈಸ್ ಡಿಫೆನ್ಸಿಬಲ್’. ಸುಮ್ನೆ ‘ನ್ಯಾಯವಾದದ್ದು’ ಅಂತ ಬರೆದರೆ ಲೇಖಕರ ನಿಲುವೇ ಬದಲಾಗಬಹುದು ಅನ್ನುವ ಭಯ. ಇಲ್ಲಿ ಅವರು ಆ ತೀರ್ಮಾನ ಸರಿ ಅಂತ ಒಪ್ಪುತ್ತಿದ್ದಾರಾ, ಅಥವಾ ತಾವು ಒಪ್ಪದಿದ್ದರೂ ಅದಕ್ಕೆ ತಕ್ಕ ಕಾರಣ ಕೊಡಬಹುದು ಅಂತಷ್ಟೇ ಹೇಳುತ್ತಿದ್ದಾರಾ?