ಹೊರಗ ಸೊನ್ನಿ, ಒಳಗ ಆರು

ಧಾರವಾಡದ ಸಪ್ತಾಪುರದಾಗ ಒಂದು ಚಹಾದಂಗಡಿ. ಗಿರ್ಮಿಟ್ ಬಂದೈತಿ, ಮಿರ್ಚಿ ಇನ್ನೂ ಎಣ್ಣ್ಯಾಗ.

ಈರಣ್ಣ: ಅಕ್ಕಾರ, ಟರ್ಮಿನಲ್‌ನ್ಯಾಗ ಬರೋಬ್ಬರಿ ಓಡೂ ಪರ್ಲ್ ಭಾಷಾದ ಸ್ಕ್ರಿಪ್ಟು, ಅಪಾಚೆ ವೆಬ್ ಸರ್ವರಿನೊಳಗ ಪರ್ಲ್ ಓಡಸೂ ಮಾಡ್‌ಪರ್ಲ್‌ಗೆ ಹಾಕಿದ ಕೂಡ್ಲೇ ದೆವ್ವ ಬಡದಂಗ ಯಾಕ ಆಡತೈತ್ರಿ?

ಶಾಂತಕ್ಕ: ದೆವ್ವ ಅಲ್ಲೋ, ರೆಜಿಸ್ಟ್ರಿ, ಅಲ್ಲಿ ಸ್ಕ್ರಿಪ್ಟ್ ಓಡಸೂ ಮಾಡ್ಯೂಲು. ಅದು ನಿನ್ನ ಇಡೀ ಫೈಲನ್ನ 'ಹ್ಯಾಂಡ್ಲರ್' ಅನ್ನೂ ಸಬ್ಬಿನ (ಅಂದ್ರ ಫಂಕ್ಷನ್ನಿನ) ಹೊಟ್ಟ್ಯಾಗ ಇಟ್ಟು ಒಮ್ಮೆ ಕಂಪೈಲ್ ಮಾಡತೈತಿ. ಆಮ್ಯಾಲ ರಿಕ್ವೆಸ್ಟ್ ಬಂದಾಗೆಲ್ಲಾ ಆ ಹ್ಯಾಂಡ್ಲರನ್ನ ಕರೀತೈತಿ. ನೀ ಬರದ ಸಬ್ಬು ಈಗ ಸಬ್ಬಿನೊಳಗಿನ ಸಬ್ಬು.

ಬಸ್ಯಾ: ಹೋಳಿಗ್ಯಾಗ ಹೂರಣ.

ಶಾಂತಕ್ಕ: ಹೂಂ, ಆದ್ರ ಹೂರಣ ಮೊದಲನೇ ದಿನದ್ದ! ಖಾನಾವಳಿ ಲೆಕ್ಕ ಹಿಡಿ. ಮ್ಯಾಲ 'ಮೈ $ರೊಟ್ಟಿ = 0', 'ಮೈ' ಅಂದ್ರ ಬರದ ಜಾಗಾಕ್ಕಷ್ಟ ಸೇರಿದ ವೇರಿಯೇಬಲ್ಲು. ಕೆಳಗ 'ಸಬ್ ಬಡಿಸು', ಅದರಾಗ $ರೊಟ್ಟಿ ಒಂದು ಏರಿಸಿ ಪ್ರಿಂಟ್ ಮಾಡೂದು. ಮೂರು ಸಲ ಕರದ್ರ 1, 2, 3. ಈಗ ರೀಲೋಡ್ ಮಾಡು.

ಈರಣ್ಣ: ಮತ್ತ 1, 2, 3.

ಶಾಂತಕ್ಕ: 4, 5, 6! ಆಗ ಸಬ್ಬಿನ ಹೊರಗ $ರೊಟ್ಟಿ ಪ್ರಿಂಟ್ ಮಾಡಿದ್ರ ಸೊನ್ನಿ. ಹೆಸರಿರೂ ಸಬ್ಬು ಮೊದಲನೇ $ರೊಟ್ಟಿನ್ನ ಗಟ್ಟಿ ಹಿಡಕೊಂಡ್ ಬಿಟ್ಟಿರತೈತಿ. ಎರಡನೇ ಸಲ ಹ್ಯಾಂಡ್ಲರ್ ಹೊಸಾ $ರೊಟ್ಟಿ ತಂದ್ರ ಒಳಗಿನ ಸಬ್ಬಿಗೆ ಅದರ ಸುದ್ದೀನ ಇಲ್ಲ.

ಬಸ್ಯಾ: ಹಳೇ ಗಿರಾಕಿ ರೊಟ್ಟಿ ಹೊಸಾ ಗಿರಾಕಿ ತಲಿಗೆ.

ಈರಣ್ಣ: ಒಮ್ಮೊಮ್ಮೆ ಸರೀನ ಬರತೈತಲ್ರಿ?

ಶಾಂತಕ್ಕ: ಅಪಾಚೆಗೆ ಐದು ಚೈಲ್ಡ್ ಪ್ರೊಸೆಸ್, ಅಂದ್ರ ರಿಕ್ವೆಸ್ಟ್ ಹಂಚಿಕೊಳ್ಳೂ ಐದು ನಕಲು, ಅಂತಿಟ್ಕೋ, ಒಂದೊಂದಕ್ಕೂ ಬ್ಯಾರೆ ಗಂಗಾಳ. ಐದು ರಿಕ್ವೆಸ್ಟ್ ಐದು ಕಡೆ ಬಿದ್ರ ಐದಕ್ಕೂ 1, 2, 3. ತಪ್ಪು ಹುಡುಕೂಮುಂದ ಅಪಾಚೆ ಪ್ರೋಗ್ರಾಮ್ ಎಚ್‌ಟಿಟಿಪಿಡಿಗೆ ಮೈನಸ್ ದೊಡ್ಡ ಎಕ್ಸ್ ಹಚ್ಚಿ ಒಂದ ಪ್ರೊಸೆಸ್‌ನ್ಯಾಗ ಓಡಸು, ಎರಡನೇ ರೀಲೋಡಿಗೇ ಕಳ್ಳ ಸಿಗತಾನ. 'ಯೂಸ್ ವಾರ್ನಿಂಗ್ಸ್' ಹಾಕಿದ್ದಿ ಅಂದ್ರ ಎರರ್ ಲಾಗ್‌ನ್ಯಾಗ 'ವಿಲ್ ನಾಟ್ ಸ್ಟೇ ಶೇರ್ಡ್' (ವೇರಿಯೇಬಲ್ ಹಂಚ್ಕೊಂಡ್ ಉಳಿಯಂಗಿಲ್ಲ) ಅಂತ ಬಂದಿರತೈತಿ. ಅದೂ ಕಂಪೈಲ್ ಆಗೂಮುಂದ ಅಷ್ಟ. ಆಮ್ಯಾಲ ಸಾವಿರ ಸಲ ತಪ್ಪಿದ್ರೂ ಬಾಯಿ ಬಿಡಂಗಿಲ್ಲ.

ಬಸ್ಯಾ: ಓಡಸದ ಬರೇ ತಪ್ಪು ನೋಡೂ ಪರ್ಲ್ ಮೈನಸ್ ಸಿ ಕೊಟ್ಟು ನೋಡಿದ್ರ?

ಶಾಂತಕ್ಕ: 'ಸಿಂಟ್ಯಾಕ್ಸ್ ಓಕೆ' ಅಂತೈತಿ. ಅಲ್ಲಿ ಹ್ಯಾಂಡ್ಲರ್ ಎಲ್ಲೈತಿ?

ಈರಣ್ಣ: ಹಂಗಾರ 'ಮೈ' ತಗದು 'ಅವರ್' ಹಾಕ್ತೇನ್ರಿ, ಎಲ್ಲಾ ಸಬ್ಬಿಗೂ ಒಂದ ಗ್ಲೋಬಲ್ ವೇರಿಯೇಬಲ್ಲು.

ಬಸ್ಯಾ: ಅವರ್ ಅಂದ್ರ ಅವರದ್ದ, ಹಿಂದಿನ ಗಿರಾಕಿದು!

ಶಾಂತಕ್ಕ: ನಕ್ಕೋತ ಖರೇ ಹೇಳಿದಿ. 'ಅವರ್ $ರೊಟ್ಟಿ = 0' ಅಂತ ಸೊನ್ನಿ ಹಚ್ಚಿದ್ರ ನಡೀತೈತಿ, ರಿಕ್ವೆಸ್ಟಿಗೊಮ್ಮೆ ಸೊನ್ನಿ ಆಗತೈತಿ. ಬರೇ 'ಅವರ್ $ಒಳಬಿಡು' ಅಂತ ಬರದು, ಪಾಸ್‌ವರ್ಡ್ ಸರಿ ಇದ್ರ 1 ಮಾಡಿ, ತಪ್ಪಿದ್ರ ಸುಮ್ಮನ ಬಿಟ್ಟಿ ಅಂದ್ರ ಮುಗೀತು. ಒಬ್ಬಾಂವ ಸರಿ ಹೊಡದ ಮ್ಯಾಲ ಅದೇ ಚೈಲ್ಡಿಗೆ ಬಂದವರೆಲ್ಲಾ ಒಳಗ.

ಬಸ್ಯಾ: ಸೀದಾ ಅಡಗಿಮನಿಗೆ!

ಶಾಂತಕ್ಕ: ನನ್ನ ಕೇಳಿದ್ರ, ಸಬ್ಬಿಗೆ ಬೇಕಾದ್ದನ್ನ ಅದರ ಕೈಯಾಗ ಕೊಟ್ಟು ಕಳಸು. 'ಬಡಿಸು(\$ರೊಟ್ಟಿ)' ಅಂತ ರೆಫರೆನ್ಸ್ (ಅಂದ್ರ ಅದರ ವಿಳಾಸ) ಕೊಡು, ಒಳಗ ಎರಡು ಡಾಲರ್ ಹಚ್ಚಿ ಏರಸು. ಇಲ್ಲಾ ಸಬ್‌ಗೋಳನ್ನ ಬ್ಯಾರೆ ಪಿಎಂ (ಪರ್ಲ್ ಮಾಡ್ಯೂಲ್) ಫೈಲಿಗೆ ಹಾಕು. ಆದ್ರ ಅದರ ತಲಿಮ್ಯಾಗಿನ 'ಮೈ' ಲೋಡ್ ಆಗೂಮುಂದ ಒಮ್ಮೆ ಅಷ್ಟ ಸೊನ್ನಿ ಆಗತೈತಿ, ನೆನಪಿರ್ಲಿ.

ಈರಣ್ಣ: ಸುಮ್ಮನ ಸರ್ವರ್ ರೀಸ್ಟಾರ್ಟ್ ಮಾಡಿದ್ರ?

ಶಾಂತಕ್ಕ: ಮತ್ತ 1, 2, 3. ಒಂದ ಸಲ.

ಬಸ್ಯಾ: ಏ ಅಣ್ಣಾ, ನಮ್ಮ ಮಿರ್ಚಿ ಲೆಕ್ಕ ಹೊಸಾ ಹಾಳ್ಯಾಗ ಬರೀರಿ!