ಸ್ಪೀಕರ್ ಕೇಬಲ್ ಬದಲಿಸಿದರೆ ಕಿವಿಗೆ ನಿಜವಾಗಿಯೂ ವ್ಯತ್ಯಾಸ ತಿಳಿಯುತ್ತದೆಯೇ?

ಷಡ್ಜಪ್ರಿಯ, ಮಂಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಹಜಾರದಲ್ಲಿ ಆಂಪ್ಲಿಫೈಯರ್‌ನಿಂದ ಒಂದೊಂದು ಸ್ಪೀಕರ್‌ಗೂ ಸುಮಾರು 5 ಮೀಟರ್ ತಂತಿ ಎಳೆದಿದ್ದೇನೆ. ಅದು ಸ್ಪೀಕರ್‌ಗಳ ಜೊತೆಗೇ ಬಂದಿದ್ದ 0.5 ಚದರ ಮಿಲಿಮೀಟರಿನ ತೆಳುವಾದ ತಂತಿ. ಪಾರದರ್ಶಕ ಹೊದಿಕೆಯ ಒಳಗೆ ತಾಮ್ರವು ಅಲ್ಲಲ್ಲಿ ಹಸಿರುಗಟ್ಟಿದೆ. ಈಚೆಗೆ ಅಂಗಡಿಯೊಂದರಲ್ಲಿ ಮೊದಲು ಇಂಥದ್ದೇ ತಂತಿಯಲ್ಲಿ, ಆಮೇಲೆ 40,000 ರೂಪಾಯಿಯ ಕೇಬಲ್ ಜೋಡಿಯಲ್ಲಿ ಮಲ್ಲಿಕಾರ್ಜುನ ಮನ್ಸೂರರ ಗಾಯನವನ್ನು ಕೇಳಿಸಿದರು. ಎರಡನೆಯ ಸಲ ತಂಬೂರಿಯ ತಂತಿಗಳು ಬಿಡಿಬಿಡಿಯಾಗಿ ಕೇಳಿಸಿದಂತೆ ನನಗೆ ಸ್ಪಷ್ಟವಾಗಿ ಅನ್ನಿಸಿತು. ಅಷ್ಟು ಹಣ ಹಾಕುವ ಮೊದಲು ಬಲ್ಲವರ ಅಭಿಪ್ರಾಯ ತಿಳಿಯಬೇಕಾಗಿದೆ. ಇದು ಕೇಬಲ್‌ನ ಗುಣವೋ, ನನ್ನ ಮನಸ್ಸಿನ ಆಟವೋ?

ಓಮ್‌ಕಾರ

ಷಡ್ಜಪ್ರಿಯ ಅವರೇ, ತಂತಿಯನ್ನು ಖಂಡಿತ ಬದಲಿಸಿ. ಆದರೆ 40,000 ರೂಪಾಯಿ ಕೊಡಬೇಡಿ.

0.5 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ ಹೋಗಿ ಬರುವ 10 ಮೀಟರ್ ದಾರಿಗೆ ಸುಮಾರು 0.35 ಓಮ್ ರೋಧವಿರುತ್ತದೆ. ಸ್ಪೀಕರ್‌ನ ಹಿಂಬದಿಯಲ್ಲಿ 8 ಓಮ್ ಎಂದು ಬರೆದಿದ್ದರೂ ಅದರ ಪ್ರತಿಬಾಧೆಯು (ಇಂಪೀಡೆನ್ಸ್, ಅಂದರೆ ಬದಲಾಗುತ್ತಿರುವ ವಿದ್ಯುತ್ತಿಗೆ ಅದು ಒಡ್ಡುವ ತಡೆ) ಎಲ್ಲ ಆವರ್ತನಗಳಲ್ಲಿಯೂ 8 ಆಗಿ ಉಳಿಯುವುದಿಲ್ಲ. ಒಂದು ಕಡೆ 4 ಓಮ್‌ಗೆ ಇಳಿದು ಇನ್ನೊಂದು ಕಡೆ 30 ಓಮ್‌ಗೆ ಏರುವುದು ಸಾಮಾನ್ಯ ಸಂಗತಿ. ಹಾಗಿರುವ ಸ್ಪೀಕರ್‌ಗೆ ನಿಮ್ಮ ತಂತಿಯನ್ನು ಜೋಡಿಸಿದರೆ 4 ಓಮ್ ಇರುವಲ್ಲಿ ಸುಮಾರು 0.7 ಡೆಸಿಬಲ್, 30 ಓಮ್ ಇರುವಲ್ಲಿ ಕೇವಲ 0.1 ಡೆಸಿಬಲ್ ನಷ್ಟವಾಗುತ್ತದೆ. ಅಂದರೆ ಕೆಲವು ಸ್ವರಗಳು ಉಳಿದವುಗಳಿಗಿಂತ 0.6 ಡೆಸಿಬಲ್‌ನಷ್ಟು ಹಿಂದೆ ಬೀಳುತ್ತವೆ. ಇದು ಚಿಕ್ಕದಾದರೂ, ಎರಡನ್ನೂ ಒಂದರ ಹಿಂದೊಂದು ಹಾಕಿ ಗಮನವಿಟ್ಟು ಕೇಳಿದರೆ ಕಿವಿಗೆ ಸಿಗಬಹುದಾದ ವ್ಯತ್ಯಾಸ. 2.5 ಚದರ ಮಿಲಿಮೀಟರಿನ ತಂತಿಯಲ್ಲಿ ಅದೇ ರೋಧವು 0.07 ಓಮ್‌ಗೆ ಇಳಿಯುತ್ತದೆ, ವ್ಯತ್ಯಾಸವು 0.13 ಡೆಸಿಬಲ್ ಆಗುತ್ತದೆ. ಅಂಥ ತಂತಿಯು ವಿದ್ಯುತ್ ಸಾಮಾನಿನ ಯಾವ ಅಂಗಡಿಯಲ್ಲಾದರೂ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಅಂಗಡಿಯಲ್ಲಿ ನೀವು ಕೇಳಿದ್ದು ಸುಳ್ಳಾಗಿರಬೇಕಿಲ್ಲ. ದಪ್ಪ ತಂತಿಯಲ್ಲಿ ದನಿ ಕೂದಲೆಳೆಯಷ್ಟು ಜೋರಾದರೂ ನಮಗೆ ಅದು ಜೋರಾಗಿ ಅಲ್ಲ, ಹೆಚ್ಚು ಸ್ವಚ್ಛವಾಗಿ ಕೇಳಿಸಿದಂತೆ ಭಾಸವಾಗುತ್ತದೆ. ಆದರೆ ಅಲ್ಲಿ ತೆಳು ತಂತಿಯ ಎದುರಿಗೆ ದುಬಾರಿ ಕೇಬಲನ್ನು ಇಟ್ಟರೇ ಹೊರತು, ದಪ್ಪದ ಸಾಧಾರಣ ತಂತಿಯ ಎದುರಿಗೆ ಇಡಲಿಲ್ಲ.

ಹಳೆಯ ತಟ್ಟೆ

ಓಮ್‌ಕಾರರ ಲೆಕ್ಕವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸಂಗೀತವನ್ನು ಓಮ್ ಮತ್ತು ಡೆಸಿಬಲ್‌ಗಳಲ್ಲಿ ಪೂರ್ತಿಯಾಗಿ ಅಳೆಯಲಾದೀತೇ ಎಂಬುದು ನನ್ನ ಸಂದೇಹ. ಅರ್ಧ ನಿಮಿಷ ಇದು, ಅರ್ಧ ನಿಮಿಷ ಅದು ಎಂದು ಕಣ್ಣು ಕಟ್ಟಿ ನಡೆಸುವ ಪರೀಕ್ಷೆಯಲ್ಲಿ ಕೇಳುಗನು ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯ ಹಾಗೆ ಬಿಗಿಯಾಗಿರುತ್ತಾನೆ. ಒಂದು ವಿಳಂಬಿತ್ ಖಯಾಲನ್ನು ನೆಮ್ಮದಿಯಿಂದ ಕೇಳುವಾಗ ತಿಳಿಯುವುದು ಅಲ್ಲಿ ತಿಳಿಯಲಾರದು. ನನ್ನ ರೆಕಾರ್ಡ್ ಪ್ಲೇಯರ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ಕೇಬಲ್ ಬದಲಿಸಿದಾಗ ತಾರಸಪ್ತಕದ ಹೊಳಪೇ ಬೇರೆಯಾಯಿತು. ಇದನ್ನು ಭ್ರಮೆ ಎಂದು ಒಪ್ಪಲು ನಾನು ಸಿದ್ಧನಿಲ್ಲ.

ಓಮ್‌ಕಾರ

ಹಿರಿಯರೇ, ರೆಕಾರ್ಡ್ ಪ್ಲೇಯರ್‌ನ ವಿಷಯದಲ್ಲಿ ನಿಮ್ಮ ಕಿವಿಯೇ ಸರಿಯಾಗಿರುವ ಸಾಧ್ಯತೆ ಹೆಚ್ಚು, ಮತ್ತು ಅದು ಅಳತೆಗೂ ಸಿಗುತ್ತದೆ. ರೆಕಾರ್ಡಿನ ಮೇಲೆ ಓಡುವ ಸೂಜಿಯನ್ನು ಹಿಡಿದಿರುವ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನ ಒಳಗಿನ ಸುರುಳಿಯೂ ಕೇಬಲ್‌ನ ಧಾರಕತೆಯೂ (ವಿದ್ಯುದಂಶವನ್ನು ಹಿಡಿದಿಡುವ ಗುಣ) ಸೇರಿ ಒಂದು ಅನುರಣನವನ್ನು, ಅಂದರೆ ಒಂದು ಆವರ್ತನವು ಎದ್ದು ಕೇಳಿಸುವ ಸ್ಥಿತಿಯನ್ನು, ಹುಟ್ಟಿಸುತ್ತವೆ. ಸುರುಳಿಯ ಪ್ರೇರಕತೆಯು 500 ಮಿಲಿಹೆನ್ರಿ ಇದ್ದು, ಒಟ್ಟು ಧಾರಕತೆಯು 250 ಪಿಕೋಫ್ಯಾರಡ್ ಇದ್ದರೆ ಅನುರಣನವು 14 ಕಿಲೋಹರ್ಟ್ಸ್‌ನ ಆಸುಪಾಸಿನಲ್ಲಿ ಬೀಳುತ್ತದೆ. ಧಾರಕತೆ 450ಕ್ಕೆ ಏರಿದರೆ ಅದು 11 ಕಿಲೋಹರ್ಟ್ಸ್‌ಗಿಂತ ಕೆಳಗೆ ಇಳಿಯುತ್ತದೆ. ಇದಕ್ಕೆ ಬೆಲೆ ಕಾರಣವಲ್ಲ. ಕಡಿಮೆ ಧಾರಕತೆಯ ಅಗ್ಗದ ಕೇಬಲ್ ಕೂಡ ಇದೇ ಕೆಲಸವನ್ನು ಮಾಡುತ್ತದೆ.

ಸ್ಪೀಕರ್ ತಂತಿಯ ವಿಷಯಕ್ಕೆ ಬಂದರೆ, 1983ರಲ್ಲಿ ಅಮೆರಿಕದ ಸ್ಟೀರಿಯೋ ರಿವ್ಯೂ ಪತ್ರಿಕೆಯು 24 ಗೇಜಿನ ತೆಳು ತಂತಿ, 16 ಗೇಜಿನ ದೀಪದ ತಂತಿ (ಮನೆಯ ದೀಪಗಳಿಗೆ ಬಳಸುವ ಸಾಧಾರಣ ತಂತಿ) ಮತ್ತು ದುಬಾರಿಯಾದ ಮಾನ್‌ಸ್ಟರ್ ಕೇಬಲ್ ಈ ಮೂರನ್ನೂ ಯಾವುದು ಯಾವುದೆಂದು ಹೇಳದೆ ಕೇಳುಗರ ಮುಂದಿಟ್ಟಿತು. ಸಂಗೀತ ನುಡಿಸಿದಾಗ ದೀಪದ ತಂತಿಗೂ ಮಾನ್‌ಸ್ಟರ್‌ಗೂ ಭೇದ ತಿಳಿಯಲಿಲ್ಲ. ತೆಳು ತಂತಿ ಮಾತ್ರ ಅವೆರಡಕ್ಕಿಂತ ಕೆಳಗೆ ಬಿತ್ತು. ಮಳೆಯ ಮೊರೆತದಂತಿರುವ ಪಿಂಕ್ ನಾಯ್ಸ್ ಹಾಕಿದಾಗ ವ್ಯತ್ಯಾಸಗಳು ಹೆಚ್ಚು ಸುಲಭವಾಗಿ ಸಿಕ್ಕಿದವು. ಸದ್ದು ಬದಲಾಗದೆ ಒಂದೇ ಸಮ ನಿಂತಿರುವುದರಿಂದ ಹಾಗಾಗುತ್ತದೆ. ಗಾಯನಕ್ಕಿಂತ ಬರಿಯ ತಂಬೂರಿ ಪರೀಕ್ಷೆಗೆ ಒಳ್ಳೆಯದೆಂದು ನಾನು ಹೇಳುವುದೂ ಇದೇ ಕಾರಣಕ್ಕೆ.

2007ರಲ್ಲಿ, ಅತಿಮಾನುಷ ಶಕ್ತಿಯ ದಾವೆಗಳನ್ನು ಪರೀಕ್ಷಿಸುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ, 7,250 ಡಾಲರಿನ ಪೇರ್ ಅಂಜು ಕೇಬಲನ್ನು ಸಾಮಾನ್ಯ ಕೇಬಲ್‌ನಿಂದ ಕಿವಿಯಿಂದಲೇ ಬೇರ್ಪಡಿಸಿ ತೋರಿಸಿದವರಿಗೆ ತಮ್ಮ ಪ್ರತಿಷ್ಠಾನದ ಹತ್ತು ಲಕ್ಷ ಡಾಲರ್ ಬಹುಮಾನ ಸಲ್ಲುತ್ತದೆಂದು ಸವಾಲು ಹಾಕಿದರು. ಆ ಪರೀಕ್ಷೆ ಕೊನೆಗೂ ನಡೆಯಲಿಲ್ಲ. ಹಾಗಾಗಿ ಅದನ್ನು ಯಾರ ಗೆಲುವೆಂದೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅವಸರದ ಪರೀಕ್ಷೆ ಬೇಡವೆನ್ನುವುದು ನ್ಯಾಯವಾದ ಮಾತು. ಆದರೆ ಗುಟ್ಟಾಗಿ ನಡೆಯುವ ಪರೀಕ್ಷೆಯು ಅವಸರದ್ದೇ ಆಗಿರಬೇಕೆಂಬ ನಿಯಮ ಎಲ್ಲಿಯೂ ಇಲ್ಲ. ಮನೆಯವರು ವಾರಕ್ಕೊಮ್ಮೆ ನಾಣ್ಯ ಚಿಮ್ಮಿ, ನಿಮಗೆ ಕಾಣದಂತೆ ತಂತಿ ಬದಲಿಸಲಿ ಅಥವಾ ಬದಲಿಸಿದಂತೆ ನಟಿಸಲಿ. ನೀವು ಇಡೀ ವಾರ ಖಯಾಲನ್ನೇ ಕೇಳಿ ಉತ್ತರವನ್ನು ಬರೆದಿಡಿ.

ಹಳೆಯ ತಟ್ಟೆ

ವಾರಗಟ್ಟಲೆ ಕೇಳಲು ಅವಕಾಶವಿದ್ದರೆ ನನ್ನ ಆಕ್ಷೇಪದ ಮುಕ್ಕಾಲು ಭಾಗ ತೀರಿತು. ಉಳಿದ ಕಾಲು ಭಾಗವೆಂದರೆ, ಎಷ್ಟು ಸಲ ಸರಿಯಾಗಿ ಹೇಳಿದರೆ ನೀವು ನಂಬುತ್ತೀರಿ?

ಓಮ್‌ಕಾರ

16ರಲ್ಲಿ 12 ಸರಿಯಾದರೆ ನಂಬುತ್ತೇನೆ. ಬರಿಯ ಊಹೆಯಿಂದ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವ ಸಂಭವವು ಶೇಕಡ 4ಕ್ಕಿಂತ ಕಡಿಮೆ. 10ರಲ್ಲಿ 7 ಸಾಲದು. ನಾಣ್ಯ ಚಿಮ್ಮಿದರೂ ಆರು ಬಾರಿಗೆ ಒಮ್ಮೆ ಅಷ್ಟು ಸಿಗುತ್ತದೆ. ಜೊತೆಗೆ, ಒಂದೇ ಸ್ವರವನ್ನು ನುಡಿಸಿ, ಸ್ಪೀಕರ್‌ನ ಟರ್ಮಿನಲ್‌ಗಳಲ್ಲಿ ಮಲ್ಟಿಮೀಟರ್ ಇಟ್ಟು, ಎರಡು ತಂತಿಗಳಲ್ಲಿಯೂ ವೋಲ್ಟೇಜ್ ಶೇಕಡ 1ರ ಒಳಗೆ ಹೊಂದುವಂತೆ ವಾಲ್ಯೂಮ್ ಸರಿಪಡಿಸಿಕೊಳ್ಳಬೇಕು. ಇದನ್ನು ಮಾಡದಿದ್ದರೆ ಹೋಲಿಸುತ್ತಿರುವುದು ವಾಲ್ಯೂಮನ್ನೇ.

ಕರಾವಳಿ ರೇಡಿಯೋ

ಷಡ್ಜಪ್ರಿಯ ಅವರೇ, ಪ್ರಯೋಗ ಆಮೇಲೆ ನಡೆಯಲಿ. ಒಳಗಿನ ಹಸಿರಿನಿಂದ ಮಧ್ಯದ ತಾಮ್ರಕ್ಕೆ ದೊಡ್ಡ ತೊಂದರೆಯಿಲ್ಲ, ಆದರೆ ಟರ್ಮಿನಲ್‌ಗೆ ಸಿಕ್ಕಿಸಿದ ತುದಿ ಹಸಿರಾಗಿದ್ದರೆ ಸಂಪರ್ಕವೇ ಕೆಡುತ್ತದೆ, ಒಮ್ಮೊಮ್ಮೆ ಕರಕರ ಸದ್ದೂ ಬರುತ್ತದೆ. ನಮ್ಮ ಕಡೆಯ ಉಪ್ಪುಗಾಳಿಗೆ ತವರ ಲೇಪಿಸಿದ ತಾಮ್ರದ ತಂತಿ ಹೆಚ್ಚು ಬಾಳುತ್ತದೆ. ಹೊಸ ತಂತಿ ಬರುವವರೆಗೆ ಹಳೆಯದರ ತುದಿಗಳನ್ನು ಎರಡು ಇಂಚು ಕತ್ತರಿಸಿ, ಹೊಳೆಯುವ ತಾಮ್ರ ಕಾಣುವಂತೆ ಸುಲಿದು, ಮತ್ತೆ ಬಿಗಿಯಾಗಿ ಜೋಡಿಸಿ.